ಹೆಸರಾಂತ ನಟರ ಅಗ್ಗದ ಚಿತ್ರಗಳು: ನೋಡುವ ಮುನ್ನ ತೂಗಿ ನೋಡುವ ಬಗೆ

ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ಮನೆಯ ಪರದೆಗೆ ಇಳಿಯುವ ಕಡಿಮೆ ವೆಚ್ಚದ ಚಿತ್ರವೊಂದರ ಪೋಸ್ಟರಿನಲ್ಲಿ ನಾವು ಬಹುಕಾಲದಿಂದ ಮೆಚ್ಚಿಕೊಂಡ ನಟರ ಮುಖ ಕಂಡರೆ, ಇದಕ್ಕೆ ಒಂದೂವರೆ ಗಂಟೆ ಕೊಡಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಇಂಥ ಚಿತ್ರಗಳೆಲ್ಲ ಕಸವೆಂದು ತಳ್ಳುವವರೂ ಇದ್ದಾರೆ, ಹೆಸರು ಕಂಡೊಡನೆ ನಂಬಿ ಕೂರುವವರೂ ಇದ್ದಾರೆ. ಎರಡೂ ದಾರಿಗಳಲ್ಲಿ ನಷ್ಟವಿದೆ. ಆ ನಟರು ಆ ಚಿತ್ರಕ್ಕಾಗಿ ನಿಜವಾಗಿ ಎಷ್ಟು ಕೆಲಸ ಮಾಡಿದ್ದಾರೆ, ಚಿತ್ರದ ಕಥೆಗೆ ಅವರು ಬೇಕಾಗಿದ್ದರೋ ಅಥವಾ ಚಿತ್ರವನ್ನು ಮಾರುವುದಕ್ಕಷ್ಟೇ ಅವರ ಹೆಸರು ಬೇಕಾಗಿತ್ತೋ ಎಂಬುದನ್ನು ಕಂಡುಕೊಂಡರೆ ನೋಡಬೇಕೇ ಬೇಡವೇ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಅದನ್ನು ಚಿತ್ರ ಆರಂಭಿಸುವ ಮೊದಲೇ, ಸ್ವಲ್ಪ ತಾಳ್ಮೆಯಿಂದ ನೋಡಿದರೆ, ತಿಳಿದುಕೊಳ್ಳಲು ಸಾಧ್ಯವಿದೆ.

ಕಾಸರಗೋಡಿನ ಕನ್ನಡಿಗರಿಗೆ ಈ ವಿಷಯ ಬೇರೆಯವರಿಗಿಂತ ಹೆಚ್ಚು ಹತ್ತಿರದ್ದು. 1956ರ ನವೆಂಬರ್ 1ರ ಭಾಷಾವಾರು ವಿಂಗಡಣೆಯಲ್ಲಿ ಈ ಪ್ರದೇಶ ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಚಿತ್ರಮಂದಿರಗಳಲ್ಲಿ ಮಲಯಾಳಂ ಚಿತ್ರಗಳದ್ದೇ ಮೇಲುಗೈ. ಕನ್ನಡ ಚಿತ್ರ ಬೇಕೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆಯವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯದವರಿಗೆ ಪುತ್ತೂರು ಅಥವಾ ಸುಳ್ಯ ಹತ್ತಿರವಾಗುತ್ತದೆ. ಕೊನೆಯ ಬಸ್ಸಿನ ಹೊತ್ತನ್ನು ಲೆಕ್ಕ ಹಾಕಿ ಸಿನಿಮಾ ನೋಡಬೇಕಾದ ಮನೆಗಳಲ್ಲಿ ಮಂದಿರದ ಚಿತ್ರ, ಮನೆಯ ಚಿತ್ರ ಎಂಬ ಮೇಲುಕೀಳು ಎಂದೂ ಗಟ್ಟಿಯಾಗಿ ನಿಲ್ಲಲಿಲ್ಲ. ಎಂಬತ್ತರ ದಶಕದಲ್ಲಿ ಗಲ್ಫಿನಿಂದ ಮರಳಿದವರು ವಿಸಿಆರ್ ಮತ್ತು ಕ್ಯಾಸೆಟ್ಟುಗಳನ್ನು ಹೊತ್ತು ತಂದ ಕಾಲದಿಂದಲೂ ಈ ಊರುಗಳಲ್ಲಿ ಎಷ್ಟೋ ಕನ್ನಡ, ಹಿಂದಿ, ಇಂಗ್ಲಿಷ್ ಚಿತ್ರಗಳು ಮೊದಲು ಕಂಡದ್ದೇ ಮನೆಯ ಪರದೆಯಲ್ಲಿ. ಆದ್ದರಿಂದ, ಚಿತ್ರಮಂದಿರಕ್ಕೆ ಬರಲಿಲ್ಲ ಎಂಬುದೊಂದೇ ಕಾರಣಕ್ಕೆ ಚಿತ್ರವೊಂದನ್ನು ಕಳಪೆ ಎನ್ನುವ ಮಾತನ್ನು ನಾವಂತೂ ಒಪ್ಪಬೇಕಾಗಿಲ್ಲ.

ಜಗತ್ತಿನ ಚಿತ್ರೋದ್ಯಮದ ಇತಿಹಾಸವೂ ಇದನ್ನೇ ಹೇಳುತ್ತದೆ. ಜಪಾನಿನ ತೋಯಿ ಸಂಸ್ಥೆ 1989ರಲ್ಲಿ ವಿ-ಸಿನಿಮಾ ಎಂಬ ಹೆಸರಿನಲ್ಲಿ ನೇರವಾಗಿ ವಿಡಿಯೊಗೆಂದೇ ಚಿತ್ರಗಳನ್ನು ತಯಾರಿಸತೊಡಗಿತು. ಮುಂದೆ ವಿಶ್ವದ ಚಿತ್ರೋತ್ಸವಗಳಲ್ಲಿ ಹೆಸರು ಮಾಡಿದ ತಕಾಶಿ ಮೀಕೆ, ಕಿಯೋಶಿ ಕುರೊಸಾವಾ ಅವರಂಥ ನಿರ್ದೇಶಕರು ಇಂಥ ಚಿತ್ರಗಳಲ್ಲಿ ಕೈ ಪಳಗಿಸಿಕೊಂಡವರು. ನೈಜೀರಿಯಾದಲ್ಲಿ 1992ರಲ್ಲಿ ವಿಡಿಯೊ ಕ್ಯಾಸೆಟ್ಟಿನಲ್ಲಿಯೇ ಬಿಡುಗಡೆಯಾದ ‘ಲಿವಿಂಗ್ ಇನ್ ಬಾಂಡೇಜ್’ ಚಿತ್ರದ ಯಶಸ್ಸಿನಿಂದ ಇಂದು ನಾಲಿವುಡ್ ಎನಿಸಿಕೊಂಡ ಇಡೀ ಉದ್ಯಮ ಚಿಗುರಿತು. ಕಡಿಮೆ ಹಣವೂ ಸಣ್ಣ ಪರದೆಯೂ ಕೊರತೆಯ ಗುರುತುಗಳಲ್ಲ. ಕೊರತೆ ಹುಟ್ಟುವುದು ಬೇರೆ ಕಡೆ. ಅದನ್ನು ಅರಿಯಲು ಈ ಚಿತ್ರಗಳಿಗೆ ಹಣ ಬರುವ ದಾರಿಯನ್ನು ಸ್ವಲ್ಪ ನೋಡಬೇಕು.

ಹಣ ಎಲ್ಲಿಂದ ಬರುತ್ತದೆ

ಹಾಲಿವುಡ್ಡಿನ ಅಂಚಿನಲ್ಲಿ ಕೆಲಸ ಮಾಡುವ ಸಣ್ಣ ನಿರ್ಮಾಪಕರು ಚಿತ್ರ ತಯಾರಾಗುವ ಮೊದಲೇ ಅದನ್ನು ಮಾರುತ್ತಾರೆ. ಫೆಬ್ರವರಿಯಲ್ಲಿ ಬರ್ಲಿನ್, ಮೇ ತಿಂಗಳಲ್ಲಿ ಕಾನ್, ವರ್ಷದ ಕೊನೆಯ ಹೊತ್ತಿಗೆ ಅಮೆರಿಕನ್ ಫಿಲ್ಮ್ ಮಾರ್ಕೆಟ್ ಎಂದು ನಡೆಯುವ ಮಾರಾಟ ಸಂತೆಗಳಲ್ಲಿ ಬೇರೆ ಬೇರೆ ದೇಶಗಳ ವಿತರಕರು ಒಂದು ಪೋಸ್ಟರು, ಒಂದು ಪುಟದ ಕಥಾಸಾರ ಮತ್ತು ನಟರ ಹೆಸರುಗಳನ್ನು ನೋಡಿ ತಮ್ಮ ದೇಶದ ಹಕ್ಕನ್ನು ಮುಂಗಡವಾಗಿ ಕೊಳ್ಳುತ್ತಾರೆ, ಆ ಒಪ್ಪಂದಗಳ ಆಧಾರದ ಮೇಲೆ ಸಾಲವೂ ಹುಟ್ಟುತ್ತದೆ. ಇದರ ಮೇಲೆ, ಚಿತ್ರೀಕರಣ ನಡೆಯುವ ರಾಜ್ಯದಿಂದ ತೆರಿಗೆ ರಿಯಾಯಿತಿ ಸಿಗುತ್ತದೆ; ಅಮೆರಿಕದ ಜಾರ್ಜಿಯಾ ರಾಜ್ಯ ಅಲ್ಲಿ ಮಾಡಿದ ಖರ್ಚಿನ ಶೇಕಡಾ 20ರಷ್ಟನ್ನು, ರಾಜ್ಯದ ಲಾಂಛನವನ್ನೂ ಚಿತ್ರದಲ್ಲಿ ತೋರಿಸಿದರೆ ಇನ್ನೂ ಶೇಕಡಾ 10ರಷ್ಟನ್ನು ತೆರಿಗೆ ರಿಯಾಯಿತಿಯಾಗಿ ಕೊಡುತ್ತದೆ. ಬಲ್ಗೇರಿಯಾದ ಸೋಫಿಯಾದಂಥ ಅಗ್ಗದ ಊರಿನಲ್ಲಿ ಸ್ಟುಡಿಯೊ ಹಿಡಿದರೆ ಖರ್ಚು ಮತ್ತಷ್ಟು ಇಳಿಯುತ್ತದೆ. ಈ ಇಡೀ ಏರ್ಪಾಡು ನಿಂತಿರುವುದು ಪೋಸ್ಟರಿನ ಮೇಲಿನ ಒಂದು ಹೆಸರಿನ ಮೇಲೆ.

ಆ ಹೆಸರಿಗೆ ಕೊಡುವ ಸಂಭಾವನೆ ಚಿತ್ರದ ಒಟ್ಟು ವೆಚ್ಚದಲ್ಲಿ ದೊಡ್ಡ ಪಾಲು. ಆದ್ದರಿಂದ ಆ ನಟರನ್ನು ಹೆಚ್ಚು ದಿನ ಇಟ್ಟುಕೊಳ್ಳುವ ಶಕ್ತಿ ನಿರ್ಮಾಪಕರಿಗೆ ಇರುವುದಿಲ್ಲ. ಒಂದೆರಡು ದಿನಗಳಲ್ಲಿ, ಒಂದೇ ಮನೆಯ ಒಂದೆರಡು ಕೋಣೆಗಳಲ್ಲಿ, ಅವರ ಎಲ್ಲ ದೃಶ್ಯಗಳನ್ನೂ ಮುಗಿಸಿ, ಅವುಗಳನ್ನು ಚಿತ್ರದುದ್ದಕ್ಕೂ ಅಲ್ಲಲ್ಲಿ ಹಂಚಿಬಿಡುತ್ತಾರೆ. ಅವರು ಕುರ್ಚಿಯಲ್ಲಿ ಕುಳಿತು ಫೋನಿನಲ್ಲಿ ಆಜ್ಞೆ ಕೊಡುತ್ತಾರೆ, ಕಿಟಕಿಯ ಬಳಿ ನಿಂತು ಯೋಚಿಸುತ್ತಾರೆ, ಕೊನೆಗೆ ಒಂದು ಗುಂಡು ಹಾರಿಸುತ್ತಾರೆ. ಓಟ, ಹೊಡೆದಾಟ, ಮಳೆ, ಕೆಸರು ಎಲ್ಲವೂ ನಮಗೆ ಪರಿಚಯವಿಲ್ಲದ ಇನ್ನೊಬ್ಬ ನಟರ ಪಾಲಿಗೆ ಬರುತ್ತವೆ. ಚಿತ್ರದ ನಿಜವಾದ ನಾಯಕ ಅವರೇ, ಪೋಸ್ಟರಿನಲ್ಲಿ ಮಾತ್ರ ಅವರ ಮುಖ ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಇದು ಪ್ರೇಕ್ಷಕರಿಗೆ ಮಾಡುವ ಅನ್ಯಾಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ಪೋಸ್ಟರು ಕೊಟ್ಟ ಮಾತನ್ನು ಚಿತ್ರ ಉಳಿಸಿಕೊಳ್ಳುವುದಿಲ್ಲ.

ಇದರ ಅತ್ಯಂತ ನೋವಿನ ಉದಾಹರಣೆ ಬ್ರೂಸ್ ವಿಲ್ಲಿಸ್ ಅವರದು. ಅವರ ವೃತ್ತಿಯ ಕೊನೆಯ ವರ್ಷಗಳಲ್ಲಿ ಇಂಥ ಚಿತ್ರಗಳು ಒಂದರ ಮೇಲೊಂದು ಬಂದವು. ಬಹುಪಾಲು ಚಿತ್ರಗಳಲ್ಲಿ ಅವರ ಕೆಲಸ ಸುಮಾರು ಎರಡು ದಿನಗಳಿಗೆ ಸೀಮಿತವಾಗಿತ್ತು. ಕೆಟ್ಟ ಚಿತ್ರಗಳನ್ನು ಆರಿಸುವ ಅಮೆರಿಕದ ಗೋಲ್ಡನ್ ರಾಸ್ಬೆರಿ ಪ್ರಶಸ್ತಿಯವರು 2021ರ ಒಂದೇ ವರ್ಷದ ಎಂಟು ಚಿತ್ರಗಳನ್ನು ಹೆಸರಿಸಿ ಅವರೊಬ್ಬರಿಗಾಗಿಯೇ ಪ್ರತ್ಯೇಕ ವಿಭಾಗವನ್ನು ಮಾಡಿದ್ದರು. 2022ರ ಮಾರ್ಚ್ ಕೊನೆಯಲ್ಲಿ ಅವರ ಕುಟುಂಬದವರು, ಅವರಿಗೆ ಮಾತು ಮತ್ತು ಗ್ರಹಿಕೆಯನ್ನು ಕುಂದಿಸುವ ಅಫೇಸಿಯಾ ಎಂಬ ತೊಂದರೆ ಇದೆಯೆಂದೂ ಅವರು ನಟನೆಯಿಂದ ಹಿಂದೆ ಸರಿಯುತ್ತಿದ್ದಾರೆಂದೂ ತಿಳಿಸಿದಾಗ ಆ ವಿಭಾಗವನ್ನು ಹಿಂತೆಗೆದುಕೊಳ್ಳಲಾಯಿತು. 2023ರ ಫೆಬ್ರವರಿಯಲ್ಲಿ ಅದು ಮೆದುಳಿನ ಮುಂಭಾಗವನ್ನೂ ಪಕ್ಕದ ಭಾಗವನ್ನೂ ಬಾಧಿಸುವ ಮರೆಗುಳಿತನದ ಕಾಯಿಲೆ ಎಂದು ಕುಟುಂಬದವರು ಹೇಳಿದರು. ಈ ಸಂಗತಿಯನ್ನು ತಿಳಿದ ಮೇಲೆ ಆ ಚಿತ್ರಗಳನ್ನು ಅಪಹಾಸ್ಯಕ್ಕಾಗಿ ನೋಡುವುದು ನನಗೆ ಸರಿಯೆನಿಸುವುದಿಲ್ಲ. ವಿಲ್ಲಿಸ್ ಅವರನ್ನು ಪ್ರೀತಿಸುವವರು ಅವರ ಹಳೆಯ ಚಿತ್ರವೊಂದನ್ನು ಮತ್ತೊಮ್ಮೆ ನೋಡಲಿ. ಆ ಕೊನೆಯ ಚಿತ್ರಗಳಲ್ಲಿ ಅವರ ಕಲೆ ಹುಡುಕಿದರೂ ಸಿಗುವುದು ಕಷ್ಟ.

ನೋಡುವ ಮೊದಲು ಓದಿಕೊಳ್ಳಬೇಕಾದ ಗುರುತುಗಳು

ಮೊದಲ ಗುರುತು ಹೆಸರುಗಳ ಸಾಲಿನಲ್ಲಿದೆ. ಇಂಗ್ಲಿಷ್ ಚಿತ್ರಗಳ ಪೋಸ್ಟರಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಹೆಸರುಗಳನ್ನು ಓದಬೇಕು. ಮುಖ ದೊಡ್ಡದಾಗಿದ್ದು, ಹೆಸರು ಮಾತ್ರ ಸಾಲಿನ ಕೊನೆಯಲ್ಲಿ, ‘ಮತ್ತು’ ಎಂಬ ಅರ್ಥದ ಶಬ್ದದ ನಂತರ ಬಂದರೆ, ಆ ನಟರ ಪಾತ್ರ ಸಣ್ಣದೆಂದು ಭಾವಿಸಲು ಸಾಕಷ್ಟು ಕಾರಣವಿದೆ. ನಮ್ಮ ಚಿತ್ರಗಳಲ್ಲಿ ‘ವಿಶೇಷ ಪಾತ್ರದಲ್ಲಿ’ ಅಥವಾ ‘ಅತಿಥಿ ನಟರಾಗಿ’ ಎಂದು ಹಾಕುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಮೊದಲು ಯಾರ ಹೆಸರಿದೆಯೋ ಅವರ ಚಿತ್ರವನ್ನು ನಾವು ನೋಡಲಿದ್ದೇವೆ ಎಂದುಕೊಳ್ಳಬೇಕು. ಆ ಮೊದಲ ಹೆಸರಿನವರು ಒಳ್ಳೆಯ ನಟರಾಗಿದ್ದರೆ ಚಿತ್ರ ನೋಡಲು ಅದೇ ಕಾರಣವಾಗಬಹುದು.

ಎರಡನೆಯದು ಟ್ರೇಲರು, ಮತ್ತು ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ. ಎರಡು ನಿಮಿಷದ ಟ್ರೇಲರನ್ನು ಧ್ವನಿ ನಿಲ್ಲಿಸಿ ನೋಡಿ, ಹೆಸರಾಂತ ನಟರು ಎಷ್ಟು ಬೇರೆ ಬೇರೆ ಉಡುಪುಗಳಲ್ಲಿ, ಎಷ್ಟು ಬೇರೆ ಜಾಗಗಳಲ್ಲಿ, ಯಾರ ಜೊತೆಯಲ್ಲಿ ಕಾಣಿಸುತ್ತಾರೆ ಎಂಬುದನ್ನು ಗಮನಿಸಬೇಕು. ಟ್ರೇಲರು ಮಾಡುವವರು ತಮ್ಮ ಬಳಿ ಇರುವ ಅತ್ಯುತ್ತಮ ತುಣುಕುಗಳನ್ನೆಲ್ಲ ಅಲ್ಲಿ ಹಾಕಿರುತ್ತಾರೆ. ಅಲ್ಲಿಯೂ ಆ ನಟರು ಒಂದೇ ಕೋಟಿನಲ್ಲಿ, ಒಂದೇ ಕೋಣೆಯಲ್ಲಿ, ಒಬ್ಬರೇ ಇದ್ದರೆ, ಇಡೀ ಚಿತ್ರದಲ್ಲಿ ಅದಕ್ಕಿಂತ ಹೆಚ್ಚಿನದು ಸಿಗಲಾರದು. ಇಬ್ಬರು ಮುಖ್ಯ ನಟರು ಒಂದೇ ಚೌಕಟ್ಟಿನಲ್ಲಿ ಮುಖಾಮುಖಿಯಾಗಿ ಕಾಣುತ್ತಾರೆಯೇ ಎಂಬುದನ್ನು ವಿಶೇಷವಾಗಿ ನೋಡಬೇಕು. ಒಬ್ಬರು ಮಾತನಾಡುವಾಗ ಇನ್ನೊಬ್ಬರ ಬೆನ್ನು ಮತ್ತು ತಲೆಯ ಹಿಂಭಾಗ ಮಾತ್ರ ಕಾಣುತ್ತಿದ್ದರೆ, ಅಲ್ಲಿ ಕುಳಿತಿರುವವರು ಬದಲಿ ನಟರಾಗಿರುವ ಸಾಧ್ಯತೆ ಹೆಚ್ಚು. ಇಬ್ಬರೂ ಒಂದೇ ದಿನ ಒಂದೇ ಜಾಗದಲ್ಲಿ ಇರಲೇ ಇಲ್ಲ ಎಂದೂ ಆಗಬಹುದು. ನಟನೆ ಎಂಬುದು ಎದುರಿನವರ ಕಣ್ಣನ್ನು ನೋಡಿ ಹುಟ್ಟುವಂಥದ್ದು. ಎದುರಿಗೆ ಯಾರೂ ಇಲ್ಲದೆ ಹೇಳಿದ ಮಾತು ಎಷ್ಟು ದೊಡ್ಡ ನಟರದ್ದಾದರೂ ಒಣಗಿಕೊಂಡೇ ಇರುತ್ತದೆ.

ಕಡಿಮೆ ಹೊತ್ತು ಕಾಣಿಸಿಕೊಳ್ಳುವುದೇ ತಪ್ಪು ಎಂದು ಇದರ ಅರ್ಥವಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಾದ ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ರಾತ್ರಿಯ ಕೊನೆಯ ಜಾವದಲ್ಲಿ ರಂಗಕ್ಕೆ ಬರುವ ಹೆಸರಾಂತ ವೇಷಧಾರಿ ಇಡೀ ಪ್ರಸಂಗವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಲ್ಲ, ಏಕೆಂದರೆ ಅದುವರೆಗಿನ ಕಥೆ ಅವನ ಬರವಿಗಾಗಿಯೇ ಕಾದಿರುತ್ತದೆ. ಕಥೆ ಕಾಯದೆ, ಕರಪತ್ರದಲ್ಲಿ ಮಾತ್ರ ಹೆಸರಿದ್ದರೆ, ಸಭಿಕರು ಅದನ್ನು ಕ್ಷಮಿಸುವುದಿಲ್ಲ. ಚಿತ್ರದಲ್ಲಿಯೂ ಕೇಳಬೇಕಾದದ್ದು ಅದನ್ನೇ: ಈ ನಟರ ದೃಶ್ಯಗಳನ್ನು ತೆಗೆದುಬಿಟ್ಟರೆ ಕಥೆ ಕುಸಿಯುತ್ತದೆಯೇ, ಇಲ್ಲವೇ ಹಾಗೆಯೇ ಮುಂದೆ ಸಾಗುತ್ತದೆಯೇ?

‘ಯೂನಿವರ್ಸಲ್ ಸೋಲ್ಜರ್: ರೀಜನರೇಷನ್’ ಎಂಬ 2009ರ ಚಿತ್ರ ಈ ಮಾತಿಗೆ ಒಳ್ಳೆಯ ಸಾಕ್ಷಿ. ಅಮೆರಿಕದಲ್ಲಿ ಅದು ನೇರ ವಿಡಿಯೊ ಚಿತ್ರ, ಚಿತ್ರೀಕರಣ ನಡೆದದ್ದು ಬಲ್ಗೇರಿಯಾದಲ್ಲಿ. ಅದರ ಹೆಸರಾಂತ ನಟರಾದ ಜೀನ್ ಕ್ಲಾಡ್ ವಾನ್ ಡ್ಯಾಮ್ ಅವರಾಗಲಿ ಡಾಲ್ಫ್ ಲಂಡ್‌ಗ್ರೆನ್ ಅವರಾಗಲಿ ಚಿತ್ರದುದ್ದಕ್ಕೂ ಇರುವುದಿಲ್ಲ. ಆದರೆ ನಿರ್ದೇಶಕ ಜಾನ್ ಹೈಮ್ಸ್ ಆ ಗೈರುಹಾಜರಿಯನ್ನೇ ಕಥೆಯ ಭಾಗವಾಗಿಸಿದ್ದಾರೆ: ಯುದ್ಧಯಂತ್ರವಾಗಿ ಮಾಡಲ್ಪಟ್ಟ ಮನುಷ್ಯನನ್ನು ಮತ್ತೆ ಕರೆತರಬೇಕೇ ಬೇಡವೇ ಎಂಬ ಅಳುಕಿನ ಮೇಲೆಯೇ ಚಿತ್ರ ನಿಂತಿದೆ, ಅವನು ಬಂದಾಗ ಅವನ ದಣಿದ ಮುಖಕ್ಕೆ ಅರ್ಥವಿದೆ. ಛಾಯಾಗ್ರಹಣ ಮಾಡಿದವರು ನಿರ್ದೇಶಕರ ತಂದೆ, ಸ್ವತಃ ಅನುಭವಿ ನಿರ್ದೇಶಕರಾದ ಪೀಟರ್ ಹೈಮ್ಸ್. ಹೊಡೆದಾಟದ ದೃಶ್ಯಗಳನ್ನು ಚೂರುಚೂರಾಗಿ ಕತ್ತರಿಸದೆ ದೇಹಗಳ ಚಲನೆ ಪೂರ್ತಿ ಕಾಣುವಂತೆ ತೆಗೆದ ಆ ಚಿತ್ರ, ಚಿತ್ರಮಂದಿರಕ್ಕೆ ಬಂದ ಎಷ್ಟೋ ದೊಡ್ಡ ಚಿತ್ರಗಳಿಗಿಂತ ಶ್ರದ್ಧೆಯಿಂದ ಮಾಡಿದ್ದೆಂದು ನಾನು ನಂಬುತ್ತೇನೆ.

ಹೀಗಾಗಿ ನಟರ ಹೆಸರಿಗಿಂತ ಮೊದಲು ನಿರ್ದೇಶಕರ ಹೆಸರನ್ನು ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಅವರು ಹಿಂದೆ ಮಾಡಿದ ಚಿತ್ರಗಳೇನು, ಒಂದೇ ವರ್ಷದಲ್ಲಿ ಎಷ್ಟು ಚಿತ್ರಗಳನ್ನು ಮುಗಿಸಿದ್ದಾರೆ, ಕಥೆಯನ್ನು ಬರೆದವರು ಯಾರು ಎಂಬುದನ್ನು ನೋಡಿದರೆ ಸಾಕಷ್ಟು ತಿಳಿಯುತ್ತದೆ. ಒಬ್ಬರೇ ನಿರ್ದೇಶಕರ ಮೂರು ನಾಲ್ಕು ಚಿತ್ರಗಳು ಒಂದೇ ವರ್ಷ ಬಂದು, ಪ್ರತಿಯೊಂದರಲ್ಲಿಯೂ ಒಬ್ಬೊಬ್ಬ ಹಳೆಯ ತಾರೆ ಇದ್ದರೆ ಎಚ್ಚರಿಕೆ ವಹಿಸಬೇಕು. ಹೊಸ ನಿರ್ದೇಶಕರ ಮೊದಲ ಚಿತ್ರವಾಗಿದ್ದು ಕಥೆಯೂ ಅವರದ್ದೇ ಆಗಿದ್ದರೆ ಅದು ಒಳ್ಳೆಯ ಲಕ್ಷಣ, ಏಕೆಂದರೆ ಸಾಮಾನ್ಯವಾಗಿ ಅಂಥವರ ಬಳಿಗೆ ದೊಡ್ಡ ನಟರು ಹಣಕ್ಕಾಗಿ ಬರುವುದಿಲ್ಲ, ಪಾತ್ರಕ್ಕಾಗಿ ಬರುತ್ತಾರೆ.

ನಿಕೋಲಸ್ ಕೇಜ್ ಅವರ ವಿಷಯದಲ್ಲಿ ಈ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ. ಸಾಲ ತೀರಿಸುವುದಕ್ಕಾಗಿ ವರ್ಷಕ್ಕೆ ನಾಲ್ಕು ಚಿತ್ರಗಳವರೆಗೆ ಒಪ್ಪಿಕೊಂಡ ಕಾಲದಲ್ಲಿಯೂ ಯಾವುದನ್ನೂ ಅರೆಮನಸ್ಸಿನಿಂದ ಮಾಡಲಿಲ್ಲವೆಂದು ಅವರು 2022ರಲ್ಲಿ ಹೇಳಿದ್ದಾರೆ, ಮತ್ತು ಆ ಕಾಲದ ಚಿತ್ರಗಳನ್ನು ನೋಡಿದವರಿಗೆ ಆ ಮಾತು ಬಹುಮಟ್ಟಿಗೆ ನಿಜವೆನಿಸುತ್ತದೆ; ಚಿತ್ರ ಕೆಟ್ಟದ್ದಾಗಿದ್ದರೂ ಅವರು ಅದರ ಮಧ್ಯದಲ್ಲಿ ಪೂರ್ತಿಯಾಗಿ ಇರುತ್ತಾರೆ. ಮೈಕೆಲ್ ಸಾರ್ನೋಸ್ಕಿ ಎಂಬ ಹೊಸ ನಿರ್ದೇಶಕರ 2021ರ ‘ಪಿಗ್’ ಸುಮಾರು 30 ಲಕ್ಷ ಡಾಲರುಗಳಲ್ಲಿ, 20 ದಿನಗಳ ಚಿತ್ರೀಕರಣದಲ್ಲಿ ಮುಗಿದ ಸಣ್ಣ ಚಿತ್ರ. ಕಾಡಿನಲ್ಲಿ ಒಂಟಿಯಾಗಿ ಬದುಕುವ, ಒಂದು ಕಾಲಕ್ಕೆ ದೊಡ್ಡ ಬಾಣಸಿಗನಾಗಿದ್ದ ಮನುಷ್ಯನೊಬ್ಬ ತನ್ನ ಕಳುವಾದ ಹಂದಿಯನ್ನು ಹುಡುಕಿಕೊಂಡು ಪೇಟೆಗೆ ಬರುವ ಕಥೆಯನ್ನು ಹೊರಗಿನಿಂದ ಕೇಳಿದರೆ ಅಗ್ಗದ ಸೇಡಿನ ಚಿತ್ರವೆನಿಸಬಹುದು. ನೋಡಿದರೆ ಅದು ದುಃಖವನ್ನು ಕುರಿತ, ಮಾತು ಕಡಿಮೆಯಿರುವ, ಅಪರೂಪದ ಚಿತ್ರ. ಅಮೆರಿಕದಲ್ಲಿ ಅದು ಚಿತ್ರಮಂದಿರಗಳಿಗೂ ಬಂದಿತ್ತು. ನಮ್ಮಂಥ ಊರುಗಳಿಗೆ ಅದೂ ಮನೆಯ ಪರದೆಯ ಚಿತ್ರವೇ. ಹೆಸರು ನೋಡಿ ತಳ್ಳಿದ್ದರೆ ಅದನ್ನು ಕಳೆದುಕೊಳ್ಳುತ್ತಿದ್ದೆವು.

ಉಳಿದ ಗುರುತುಗಳು ಸಣ್ಣವು. ಒಂದೇ ಚಿತ್ರ ಬೇರೆ ಬೇರೆ ದೇಶಗಳಲ್ಲಿ ಬೇರೆ ಹೆಸರಿನಲ್ಲಿ ಬರುವುದುಂಟು, ಆದ್ದರಿಂದ ಬಿಡುಗಡೆಯ ವರ್ಷವನ್ನು ನೋಡಿಕೊಳ್ಳಬೇಕು. ನಟರು ಪ್ರಸಿದ್ಧರಾಗುವ ಮೊದಲು ಮಾಡಿದ ಸಣ್ಣ ಪಾತ್ರವನ್ನು ಮುಂದಿಟ್ಟು ಹಳೆಯ ಚಿತ್ರಕ್ಕೆ ಹೊಸ ಪೋಸ್ಟರು ಅಂಟಿಸುವುದೂ ಇದೆ. ಮನೆಯವರೆಲ್ಲ ಕುಳಿತು ನೋಡುವುದಾದರೆ 2021ರ ನಿಯಮಗಳ ಪ್ರಕಾರ ಓಟಿಟಿ ವೇದಿಕೆಗಳು ತೋರಿಸಬೇಕಾದ ವಯೋಮಿತಿಯ ಸೂಚನೆಯನ್ನು ಓದಲು ಮರೆಯಬಾರದು. ಈ ಬಗೆಯ ಚಿತ್ರಗಳಲ್ಲಿ ಹಣದ ಕೊರತೆಯನ್ನು ರಕ್ತದಿಂದ ತುಂಬುವ ಚಾಳಿ ಬಹಳ.

ಭಾಷೆಯ ಪ್ರಶ್ನೆ

ಕನ್ನಡ, ತುಳು, ಮಲಯಾಳಂ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದುಗಳ ನಡುವೆ ಬೆಳೆದ ನಮಗೆ ಒಂದು ಅನುಕೂಲವಿದೆ, ಅದನ್ನು ಚಿತ್ರ ಆರಿಸುವಾಗ ಬಳಸಿಕೊಳ್ಳಬೇಕು. ಈ ಅಗ್ಗದ ಇಂಗ್ಲಿಷ್ ಚಿತ್ರಗಳು ಟಿವಿಯಲ್ಲಿಯೂ ಯೂಟ್ಯೂಬಿನಲ್ಲಿಯೂ ಹೆಚ್ಚಾಗಿ ಹಿಂದಿ ಅಥವಾ ತಮಿಳು ಡಬ್ಬಿಂಗಿನಲ್ಲಿ ಸಿಗುತ್ತವೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯ ವಿರುದ್ಧ ಆದೇಶ ನೀಡಿದ ಮೇಲೆ ಕನ್ನಡದಲ್ಲಿಯೂ ಡಬ್ಬಿಂಗ್ ಚಿತ್ರಗಳು ಬರತೊಡಗಿವೆ, ಅದು ಕನ್ನಡ ಮಾತ್ರ ಬಲ್ಲ ಹಿರಿಯರಿಗೆ ಒಳ್ಳೆಯದೇ ಆಯಿತು. ಆದರೆ ಹೆಸರಾಂತ ನಟರಿಗಾಗಿಯೇ ಚಿತ್ರ ನೋಡುವುದಾದರೆ ಮೂಲ ಧ್ವನಿಯಲ್ಲಿ, ಅಡಿಬರಹದೊಂದಿಗೆ ನೋಡುವುದು ಮೇಲು. ಅವರ ಕೆಲಸವೇ ಎರಡು ದಿನದ್ದು, ಅದರಲ್ಲಿ ಧ್ವನಿಯೂ ಬೇರೆಯವರದ್ದಾದರೆ ಉಳಿಯುವುದು ಮುಖ ಮಾತ್ರ. ಸ್ಟೀವನ್ ಸೀಗಲ್ ಅವರ ಕೆಲವು ನೇರ ವಿಡಿಯೊ ಚಿತ್ರಗಳಲ್ಲಂತೂ ಮೂಲ ಇಂಗ್ಲಿಷಿನಲ್ಲಿಯೇ ಅವರ ಕೆಲವು ಮಾತುಗಳನ್ನು ಬೇರೊಬ್ಬರ ಧ್ವನಿಯಲ್ಲಿ ತುಂಬಲಾಗಿದೆ. ಅದು ಕಿವಿಗೆ ಕೂಡಲೇ ತಿಳಿಯುತ್ತದೆ.

ನಮ್ಮ ಭಾಷೆಗಳ ಚಿತ್ರಗಳ ಕಥೆ ಬೇರೆ. 2020ರಲ್ಲಿ ಕೋವಿಡ್ ಬಂದು, ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗುವುದೇ ದುಸ್ತರವಾಗಿದ್ದ ವರ್ಷದಲ್ಲಿ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಜುಲೈ 17ರಂದು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾಯಿತು, ಒಂದು ವಾರದ ನಂತರ ‘ಫ್ರೆಂಚ್ ಬಿರಿಯಾನಿ’ ಬಂತು. ಬೆಂಗಳೂರಿನವರೂ ಬದಿಯಡ್ಕದವರೂ ಒಂದು ಕನ್ನಡ ಚಿತ್ರದ ಮೊದಲ ಪ್ರದರ್ಶನವನ್ನು ಒಂದೇ ಗಳಿಗೆಯಲ್ಲಿ ನೋಡಲು ಸಾಧ್ಯವಾದದ್ದು ಹೀಗೆ. ಗಡಿನಾಡಿನವರ ಕಣ್ಣಿನಲ್ಲಿ ಇದು ಸಣ್ಣ ಸಂಗತಿಯಲ್ಲ. 2021ರಲ್ಲಿ ಧನಂಜಯ ಮತ್ತು ಉಮಾಶ್ರೀ ಅವರ ‘ರತ್ನನ್ ಪ್ರಪಂಚ’ವೂ ಅದೇ ದಾರಿಯಲ್ಲಿ ಬಂದಿತು, ಅಲ್ಲಿ ಉಮಾಶ್ರೀ ಅವರು ಹೆಸರಿಗಾಗಿ ಇರುವವರಲ್ಲ, ಆ ತಾಯಿಯ ಪಾತ್ರವಿಲ್ಲದೆ ಆ ಕಥೆಯೇ ಇಲ್ಲ. ಮಲಯಾಳಂನಲ್ಲಿ 2022ರ ‘ಪುಳು’ ಹೊಸ ನಿರ್ದೇಶಕಿ ರತೀನಾ ಅವರ ಮೊದಲ ಚಿತ್ರ, ಅದೂ ನೇರವಾಗಿ ಸೋನಿ ಲಿವ್‌ಗೆ ಬಂದದ್ದು; ಜಾತಿಯ ವಿಷವನ್ನು ಒಳಗಿಟ್ಟುಕೊಂಡ ತಂದೆಯ ಅಪ್ರಿಯ ಪಾತ್ರದಲ್ಲಿ ಮಮ್ಮೂಟ್ಟಿ ಅವರು ಚಿತ್ರದ ಭಾರವನ್ನೆಲ್ಲ ಹೊತ್ತಿದ್ದಾರೆ. ಮಲಯಾಳಂ ಬಲ್ಲ ಕನ್ನಡಿಗರು ಇಂಥವನ್ನು ಅಡಿಬರಹವಿಲ್ಲದೆ ನೋಡಬಲ್ಲರು, ಹಾಗಿರುವಾಗ ಯಾವುದೋ ಬಾಡಿಗೆ ಮುಖದ ಇಂಗ್ಲಿಷ್ ಚಿತ್ರಕ್ಕೆ ಸಂಜೆಯನ್ನು ಕೊಡುವ ಅಗತ್ಯವೇನಿದೆ ಎಂದು ನಾನು ಕೇಳುತ್ತೇನೆ.

ನೇರ ಬಿಡುಗಡೆ ಎಂಬುದು ಕೆಲವೊಮ್ಮೆ ಮಾಡಿದವರ ಹಟದ ಗುರುತೂ ಆಗಿರುತ್ತದೆ. ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ‘ಏಕಂ’ ಎಂಬ ಏಳು ಕಥೆಗಳ ಸರಣಿಯನ್ನು ದೊಡ್ಡ ವೇದಿಕೆಗಳು ಕೊಳ್ಳದಿದ್ದಾಗ 2024ರ ಜುಲೈಯಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷದ ಮಾರ್ಚಿನಲ್ಲಿ ಕೇರಳ ಸರ್ಕಾರ ಆರಂಭಿಸಿದ ಸಿ ಸ್ಪೇಸ್ ಎಂಬ ಓಟಿಟಿಯಲ್ಲಿ ತಿಂಗಳ ಚಂದಾ ಇಲ್ಲದೆ, ಒಂದು ಚಿತ್ರಕ್ಕೆ 75 ರೂಪಾಯಿಯಂತೆ ಕೊಟ್ಟು ನೋಡುವ ಏರ್ಪಾಡಿದ್ದು, ಅದರ ಅರ್ಧ ಭಾಗ ಚಿತ್ರ ಮಾಡಿದವರಿಗೆ ಹೋಗುತ್ತದೆ. ಒಂದೊಂದು ಚಿತ್ರಕ್ಕೂ ಬೇರೆಯಾಗಿ ಹಣ ಕೊಡುವಾಗ ನಾವು ಹೆಚ್ಚು ಎಚ್ಚರದಿಂದ ಆರಿಸುತ್ತೇವೆ ಎಂಬುದು ಇದರ ಇನ್ನೊಂದು ಲಾಭ.

ಚಿತ್ರ ಆರಂಭವಾದ ಮೇಲೆ

ಗುರುತುಗಳೆಲ್ಲ ಸರಿಯೆನಿಸಿ ನೋಡಲು ಕುಳಿತ ಮೇಲೂ ಮೊದಲ ಇಪ್ಪತ್ತು ನಿಮಿಷವನ್ನು ಪರೀಕ್ಷೆಯೆಂದೇ ತಿಳಿಯಬೇಕು. ಹೆಸರಾಂತ ನಟರು ಮೊದಲ ಐದು ನಿಮಿಷದಲ್ಲಿ ಒಮ್ಮೆ ಕಾಣಿಸಿಕೊಂಡು, ಆಮೇಲೆ ಕಥೆಗೆ ಸಂಬಂಧವಿಲ್ಲದಂತೆ ಮರೆಯಾದರೆ, ಅವರು ಮತ್ತೆ ಬರುವುದು ಕೊನೆಯಲ್ಲಿಯೇ. ಧ್ವನಿಯನ್ನು ಗಮನಿಸಿ: ಕೋಣೆಯಿಂದ ಕೋಣೆಗೆ ಹೋದರೂ ಮಾತಿನ ಪ್ರತಿಧ್ವನಿ ಬದಲಾಗದಿದ್ದರೆ ಮಾತುಗಳನ್ನೆಲ್ಲ ಅವಸರದಲ್ಲಿ ಸ್ಟುಡಿಯೊದಲ್ಲಿ ತುಂಬಿದ್ದಾರೆ. ಹಣವಿಲ್ಲದ ಚಿತ್ರವೂ ಬೆಳಕಿನ ವಿಷಯದಲ್ಲಿ ಜಾಣತನ ತೋರಬಲ್ಲದು. ಅದಿದ್ದರೆ ನಂಬಿಕೆಯಿಂದ ಮುಂದುವರಿಯಬಹುದು. ಇಪ್ಪತ್ತು ನಿಮಿಷದ ನಂತರ ಯಾವ ಪಾತ್ರದ ಹೆಸರೂ ನೆನಪಿನಲ್ಲಿ ಉಳಿಯದಿದ್ದರೆ ನಿಲ್ಲಿಸಿಬಿಡುವುದರಲ್ಲಿ ತಪ್ಪಿಲ್ಲ.

ಒಂದು ವರ್ಗದವರು ಮಾತ್ರ ದುರ್ಬಲ ಚಿತ್ರಗಳನ್ನೂ ಪೂರ್ತಿ ನೋಡಬೇಕೆಂದು ನಾನು ಹೇಳುತ್ತೇನೆ: ಕೈಯಲ್ಲಿ ಕ್ಯಾಮೆರಾ ಹಿಡಿದು ತುಳು, ಕನ್ನಡ ಕಿರುಚಿತ್ರಗಳನ್ನು ಮಾಡುತ್ತಿರುವ ಗಡಿನಾಡಿನ ಯುವಕ ಯುವತಿಯರು. ಅವರಿಗೂ ಒಂದು ದಿನದ ಮಟ್ಟಿಗೆ ಮಂಗಳೂರಿನಿಂದ ಹಿರಿಯ ರಂಗನಟರೊಬ್ಬರು ಬಂದು ಹೋಗುವುದೇ ದೊಡ್ಡ ಭಾಗ್ಯವಾಗಿರುತ್ತದೆ. ಒಂದು ದಿನದ ನಟರನ್ನು ಹೇಗೆ ಬಳಸಬಾರದು ಎಂಬುದನ್ನು ಆ ಅಗ್ಗದ ಚಿತ್ರಗಳಿಂದ ನೇರವಾಗಿ ಕಲಿಯಬಹುದು. ಆ ನಟರ ದೃಶ್ಯಗಳನ್ನು ಚಿತ್ರದುದ್ದಕ್ಕೂ ಚೆಲ್ಲುವುದಕ್ಕಿಂತ, ಒಂದೇ ಗಟ್ಟಿಯಾದ ದೃಶ್ಯವಾಗಿ ಬರೆದು, ಚಿತ್ರದ ಮುಖ್ಯ ನಟರನ್ನು ಆ ದಿನ ತಪ್ಪದೆ ಎದುರಿಗೆ ಕೂರಿಸಿ, ಹತ್ತು ನಿಮಿಷ ಮುರಿಯದೆ ತೆಗೆದರೆ, ಹಣವಿಲ್ಲದಿದ್ದರೂ ಆ ಹಿರಿಯರ ಕಲೆಗೆ ನ್ಯಾಯ ಸಿಗುತ್ತದೆ.

ಒಳ್ಳೆಯ ಚಿತ್ರ ಸಿಕ್ಕಾಗ ಅದನ್ನು ಊರಿನ ಗ್ರಂಥಾಲಯದಲ್ಲಿ ಅಥವಾ ಕಲಾಸಂಘದಲ್ಲಿ ಹತ್ತು ಜನರ ಜೊತೆ ನೋಡಬೇಕೆಂಬ ಆಸೆ ಹುಟ್ಟುವುದು ಸಹಜ. ಮನೆಗೆ ಕೊಂಡ ಓಟಿಟಿ ಚಂದಾ ಖಾಸಗಿ ವೀಕ್ಷಣೆಗೆ ಮಾತ್ರ. ಸಾರ್ವಜನಿಕ ಪ್ರದರ್ಶನಕ್ಕೆ ನಿರ್ಮಾಪಕರ ಅಥವಾ ಹಕ್ಕು ಪಡೆದವರ ಲಿಖಿತ ಅನುಮತಿ ಬೇಕು. ಹೊರದೇಶದ ಚಿತ್ರಗಳಿಗೆ ಇದನ್ನು ಪಡೆಯುವುದು ಕಷ್ಟ, ಆದರೆ ಕನ್ನಡ ಮತ್ತು ತುಳುವಿನ ಸಣ್ಣ ನಿರ್ಮಾಪಕರಿಗೆ ಪ್ರದರ್ಶನದ ದಿನ, ಜಾಗ, ಎಷ್ಟು ಜನ ಸೇರುತ್ತಾರೆ, ಟಿಕೆಟ್ಟು ಇದೆಯೇ ಇಲ್ಲವೇ ಎಂಬುದನ್ನು ಸ್ಪಷ್ಟವಾಗಿ ಬರೆದು ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು, ಗಡಿಯ ಈಚೆ ತಮ್ಮ ಚಿತ್ರಕ್ಕೆ ಪ್ರೇಕ್ಷಕರಿದ್ದಾರೆ ಎಂಬುದು ಅವರಿಗೂ ಆ ಪತ್ರದಿಂದಲೇ ತಿಳಿಯುತ್ತದೆ.